ಗೇಣಿನಲ್ಲಿ ಅಳೆದ ಕೋಟು

ರಾಜಾಜಿನಗರದಲ್ಲಿ ಶ್ರೀಲಕ್ಷ್ಮಿ ಟೈಲರ್ಸ್ ಎಲ್ಲಿದೆ ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ‘ನಾಳೆ ಟೈಲರ್’ ಅಂಗಡಿ ಎಲ್ಲಿ ಎಂದು ಕೇಳಿ ನೋಡಿ, ಹಾಲಿನ ಬೂತಿನ ಪಕ್ಕದ ಹೊಂಗೆ ಮರದ ತನಕ ಕರೆದುಕೊಂಡು ಹೋಗಿ ಬಿಟ್ಟು ಬರುತ್ತಾರೆ. ಆ ಹೆಸರನ್ನು ಅಂಗಡಿಯ ಯಜಮಾನ ಲಕ್ಷ್ಮೀಪತಿ ತಮ್ಮ ಬಾಯಿಂದಲೇ ಸಂಪಾದಿಸಿಕೊಂಡವರು. ನಲವತ್ತು ವರ್ಷದಲ್ಲಿ ಅವರು ಹೊಲಿದ ಪ್ಯಾಂಟು, ಶರಟು, ಕೋಟುಗಳಲ್ಲಿ ಹೇಳಿದ ದಿನಕ್ಕೆ ಕೊಟ್ಟದ್ದು ಒಂದೂ ಇಲ್ಲ. ಮದುವೆ ಗಂಡು ಛತ್ರಕ್ಕೆ ಹೊರಟು ಕಾರಿನಲ್ಲಿ ಕೂತಿರುವಾಗ ಇವರು ಅವನ ಕೋಟಿಗೆ ಕೊನೆಯ ಗುಂಡಿ ಹಾಕುತ್ತಿದ್ದ ಪ್ರಸಂಗಗಳು ಬೇಕಾದಷ್ಟಿವೆ. ಆದರೂ ಗಿರಾಕಿಗಳು ಬಿಟ್ಟು ಹೋಗಲಿಲ್ಲ. ಯಾಕೆಂದರೆ ತಡವಾಗಿಯಾದರೂ ಬಂದ ಆ ಕೋಟು ಮೈಮೇಲೆ ಕೂತಿತೆಂದರೆ ಕೂತಿತು.

ಲಕ್ಷ್ಮೀಪತಿಯವರ ಆಸ್ತಿಯೆಂದರೆ ಅವರ ಕಣ್ಣು. ಎದುರು ರಸ್ತೆಯಲ್ಲಿ ನಡೆದು ಹೋಗುವ ಗುರುತಿಲ್ಲದವನನ್ನು ನೋಡಿ, “ಕಾಲರ್ ಹದಿನಾರು. ಬಲಗಾಲು ಕಾಲಿಂಚು ಗಿಡ್ಡ” ಎಂದು ತಮ್ಮಷ್ಟಕ್ಕೆ ಗೊಣಗಿಕೊಳ್ಳುವುದು ಅವರ ಅಭ್ಯಾಸ. ಅಂಗಡಿಯಲ್ಲಿ ರಟ್ಟಿನ ಹೊದಿಕೆಯ ದಪ್ಪ ಅಳತೆ ಪುಸ್ತಕವಿದೆ. ಅದರಲ್ಲಿ ಆ ಕಡೆಯ ಗಂಡಸರೆಲ್ಲರ ಹೆಸರು, ಹೆಸರಿನ ಮುಂದೆ ಅಳತೆ, ಅಳತೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅವರವರ ಮೈಯ ಗುಟ್ಟು: ಎಡ ಭುಜ ಇಳಿಕೆ, ಹೊಟ್ಟೆ ಮುಂದೆ, ಬೆನ್ನು ಸ್ವಲ್ಪ ಗೂನು. ಈ ಗುಟ್ಟುಗಳನ್ನು ಅವರು ಇನ್ನೊಬ್ಬರ ಮುಂದೆ ಬಾಯಿಬಿಟ್ಟವರಲ್ಲ. ಹೆಂಗಸರ ಹೆಸರು ಮಾತ್ರ ಆ ಪುಸ್ತಕದಲ್ಲಿ ಒಂದೂ ಇಲ್ಲ. ಬೋರ್ಡಿನ ಮೇಲೆಯೇ ‘ಜೆಂಟ್ಸ್ ಮಾತ್ರ’ ಎಂದು ಬರೆಸಿದ್ದಾರೆ. ಹೆಂಗಸರಿಗೆ ಟೇಪು ಹಿಡಿಯುವುದಿಲ್ಲ ಎನ್ನುವುದು ಅವರ ಗುರು ಕೊಟ್ರಪ್ಪ ಮಾಸ್ಟರ್ ಶ್ರೀರಾಮಪುರದ ಅಂಗಡಿಯಲ್ಲಿ ಹಾಕಿಕೊಟ್ಟ ನೇಮ.

ಕೊಟ್ರಪ್ಪ ಮಾಸ್ಟರ್ ಹಾಕಿಕೊಟ್ಟ ಇನ್ನೊಂದು ನೇಮವೂ ಇತ್ತು. “ಹೊಲಿಗೆ ಒಳಗೆ ಎರಡಿಂಚು ಬಟ್ಟೆ ಬಿಡಬೇಕು ಕಣೋ. ಮನುಷ್ಯ ಇವತ್ತು ಇದ್ದಂಗೆ ನಾಳೆ ಇರಲ್ಲ” ಎನ್ನುತ್ತಿದ್ದರು. ಲಕ್ಷ್ಮೀಪತಿ ಹೇಳಿದ ದಿನವನ್ನು ಸಾವಿರ ಸಲ ತಪ್ಪಿಸಿರಬಹುದು, ಈ ಎರಡಿಂಚನ್ನು ತಪ್ಪಿಸಿದವರಲ್ಲ. ತಪ್ಪಿಸಿದ್ದು ಒಂದೇ ಸಲ. ಆ ಕೋಟಿನ ಕತೆಯೇ ಇದು.

ಆ ಕೋಟು ಅವರ ಹೆಂಡತಿ ಅಂಬುಜಾ ಅವರದು.

ಅಂಬುಜಾ ಕೈಗಡಿಯಾರದ ಕಾರ್ಖಾನೆಯೊಂದರಲ್ಲಿ ಸಣ್ಣ ಸಣ್ಣ ಚಕ್ರಗಳನ್ನು ಕೂಡಿಸುವ ವಿಭಾಗದಲ್ಲಿದ್ದವರು. ಊಟದ ಹೊತ್ತಿನಲ್ಲಿ ಕ್ಯಾಂಟೀನಿನ ಮೂಲೆಯಲ್ಲಿದ್ದ ಕೇರಂ ಬೋರ್ಡಿನ ಮುಂದೆ ಒಂದು ದಿನ ಸುಮ್ಮನೆ ಕೂತರು. ಚಿಮಟಿಗೆಯಲ್ಲಿ ಕೂದಲೆಳೆಯಂಥ ಸ್ಪ್ರಿಂಗು ಹಿಡಿದು ಪಳಗಿದ್ದ ಬೆರಳು ಸ್ಟ್ರೈಕರ್ ಮುಟ್ಟಿದ್ದೇ ತಡ, ಯೂನಿಯನ್ ಲೀಡರ್‌ನಿಂದ ಹಿಡಿದು ಗೇಟಿನ ಕಾವಲಿನವನ ತನಕ ಎಲ್ಲರೂ ಸೋತರು. ಕಾರ್ಖಾನೆಯ ಪರವಾಗಿ ಆಡಿದರು, ಜಿಲ್ಲೆಗೆ ಆಡಿದರು, ರಾಜ್ಯಕ್ಕೆ ಆಡಿದರು. ಕಾರ್ಖಾನೆಗೆ ಬೀಗ ಬಿತ್ತು. ಅಂಬುಜಾ ಅವರ ಬೆರಳಿಗೆ ಬೀಳಲಿಲ್ಲ. ಈಗ ಅರವತ್ತರ ಹತ್ತಿರ ಬಂದರೂ ಬಸವೇಶ್ವರನಗರದ ಕ್ಲಬ್ಬೊಂದರಲ್ಲಿ ಸಂಜೆ ಮಕ್ಕಳಿಗೆ ಕೇರಂ ಕಲಿಸುತ್ತಾರೆ.

ಆ ವರ್ಷ ಆಗಸ್ಟಿನಲ್ಲಿ ಒಂದು ಪತ್ರ ಬಂತು. ಶಿಕಾಗೊದಲ್ಲಿ ಅಕ್ಟೋಬರ್ ತಿಂಗಳು ಹಿರಿಯರ ಕೇರಂ ಪಂದ್ಯ. ಇಲ್ಲಿಂದ ಆರು ಜನ ಆಯ್ಕೆಯಾಗಿದ್ದಾರೆ, ಅಂಬುಜಾ ಅವರೂ ಒಬ್ಬರು. ಟಿಕೆಟ್ಟು, ವೀಸಾ, ವಸತಿ ಎಲ್ಲ ಕೇರಂ ಸಂಘದವರದೇ. ಬೀದಿಗೆ ಬೀದಿಯೇ ಕುಣಿಯಿತು. “ವಿವೇಕಾನಂದರು ಭಾಷಣ ಮಾಡಿದ ಊರು” ಎಂದು ಎಲ್ಲರೂ ಒಬ್ಬರಿಗೊಬ್ಬರು ಹೇಳಿಕೊಂಡರು. ಪಕ್ಕದ ಮನೆಯ ರಾಗಿಣಿ ಮಾತ್ರ ಆ ಊರನ್ನು ಕಣ್ಣಾರೆ ಕಂಡವರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ದೇಶ ಸುತ್ತುವುದೇ ಅವರ ಕೆಲಸ.

“ಅಲ್ಲಿ ಕೆರೆ ಇದೆ ಅಂಬುಜಾ, ದೊಡ್ಡ ಕೆರೆ. ಆಚೆ ದಡವೇ ಕಾಣಲ್ಲ. ಅದರ ಮೇಲಿಂದ ಗಾಳಿ ಬಂತು ಅಂದ್ರೆ ಮೂಳೆ ಒಳಗೆ ಹೋಗತ್ತೆ” ಎಂದರು ರಾಗಿಣಿ.

ಕಾಂಪೌಂಡಿನ ಈಚೆ ನಿಂತಿದ್ದ ಲಕ್ಷ್ಮೀಪತಿಗೆ ಇದು ರುಚಿಸಲಿಲ್ಲ. “ಕೆರೆ ಅಂದ್ರೆ ಎಷ್ಟು ಮಹಾ ಇರತ್ತೆ ಮೇಡಂ? ಮಲ್ಲತ್ತಹಳ್ಳಿ ಕೆರೆ ನೋಡಿಲ್ವಾ ನಾವು?”

“ನಿಮ್ಮ ಮಲ್ಲತ್ತಹಳ್ಳಿ ಕೆರೇನ ಅದರೊಳಗೆ ಹಾಕಿದ್ರೆ ಹುಡುಕೋಕೆ ಆಗಲ್ಲ ಸಾರ್. ನಮ್ಮ ಜಾಕೆಟ್ ಇದೆಯಲ್ಲ, ಅದನ್ನೇ ತಗೊಂಡು ಹೋಗು ಅಂಬುಜಾ.”

ಆ ಜಾಕೆಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು. ರಾಗಿಣಿಯವರು ಎಂದೋ ಕೊಂಡ ಆ ಊದಿಕೊಂಡ ಕಿತ್ತಳೆ ಬಣ್ಣದ ಜಾಕೆಟ್ಟು ಬೀದಿಯ ಆಸ್ತಿಯಾಗಿಬಿಟ್ಟಿತ್ತು. ಮಗಳ ಬಾಣಂತನಕ್ಕೆ ಹೊರಟವರು, ಕೈಲಾಸಕ್ಕೆ ಹೊರಟವರು, ಜರ್ಮನಿಗೆ ಟ್ರೇನಿಂಗಿಗೆ ಹೊರಟವರು, ಯಾರೇ ಚಳಿಗೆ ಹೊರಟರೂ ಅದು ಜೊತೆಗೆ ಹೋಗಿ ನುಸಿ ಗುಳಿಗೆಯ ವಾಸನೆಯೊಂದಿಗೆ ವಾಪಸಾಗುತ್ತಿತ್ತು. ನಮ್ಮ ಬೀದಿಯಲ್ಲಿ ಅದರಷ್ಟು ದೇಶ ನೋಡಿದವರು ಇನ್ನೊಬ್ಬರಿಲ್ಲ.

ಅಂಬುಜಾ ಅದನ್ನು ತೊಟ್ಟು ನೋಡಿದರು. ತೋಳು ಬೆರಳಿನ ತುದಿ ದಾಟಿ ಇಳಿಬಿದ್ದಿತ್ತು. ಸೀರೆಯ ಮೇಲೆ ಅದನ್ನು ಹಾಕಿದರೆ ಹಾಸಿಗೆ ಸುತ್ತಿಕೊಂಡು ನಿಂತ ಹಾಗೆ ಕಾಣುತ್ತಿತ್ತು. ಆ ದಿನ ಸಂಜೆ ಅವರು ಗಂಡನ ಅಂಗಡಿಗೆ ಬಂದು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತರು.

“ರೀ, ನನಗೊಂದು ಕೋಟು ಹೊಲಿದು ಕೊಡಿ.”

ಮೂವತ್ತೆರಡು ವರ್ಷದಲ್ಲಿ ಅಂಬುಜಾ ಈ ಅಂಗಡಿಯಲ್ಲಿ ಕೇಳಿದ ಮೊದಲ ಬಟ್ಟೆ ಅದು. ಅವರ ಬ್ಲೌಸುಗಳೆಲ್ಲ ವಿಜಯನಗರದ ಲಕ್ಷ್ಮವ್ವನ ಕೈಯಲ್ಲಿ ಆಗುತ್ತಿದ್ದವು. ಲಕ್ಷ್ಮೀಪತಿ ಕತ್ತರಿ ಕೆಳಗಿಟ್ಟರು.

“ಬೇರೆ ಏನಿಲ್ಲ. ಬಲಗೈ ಬೆರಳು ಬೆಚ್ಚಗಿರಬೇಕು. ಚಳಿಗೆ ಬೆರಳು ಮರಗಟ್ಟಿದ್ರೆ ಸ್ಟ್ರೈಕರ್ ಕೇಳಿದ ಕಡೆ ಹೋಗಲ್ಲ. ಆಟದ ಮನೆಗೆ ಕೆರೆ ದಡದಲ್ಲೇ ನಡ್ಕೊಂಡು ಹೋಗಬೇಕಂತೆ. ಅಲ್ಲಿ ತನಕ ಕೈ ಕಾಪಾಡೋ ಒಂದು ಕೋಟು” ಎಂದರು ಅಂಬುಜಾ.

ಲಕ್ಷ್ಮೀಪತಿಯ ಎದೆ ಉಬ್ಬಿತು. ಮರುದಿನವೇ ಚಿಕ್ಕಪೇಟೆಗೆ ಹೋಗಿ ಕುಂಕುಮದ ಬಣ್ಣದ ದಪ್ಪ ಉಣ್ಣೆಯ ಬಟ್ಟೆ ತಂದರು. ಬಲಗಡೆ ಮೊಣಕೈವರೆಗೆ ಕೈ ಇಳಿಯುವ ಆಳವಾದ ಜೇಬು, ಜೇಬಿನೊಳಗೆ ಮೆತ್ತನೆಯ ಫ್ಲಾನಲ್ ಎಂದು ಮನಸ್ಸಿನಲ್ಲೇ ಕೋಟು ಹೊಲಿದು ಮುಗಿಸಿದರು.

“ಅಳತೆ ತಗೊಳಲ್ವಾ?” ಎಂದು ಅಂಬುಜಾ ಕೇಳಿದರು.

“ನಿನ್ನ ಅಳತೆ ನನಗೆ ಗೊತ್ತಿಲ್ವಾ? ಮೂವತ್ತೆರಡು ವರ್ಷ ಸಂಸಾರ ಮಾಡಿದೀನಿ.”

“ಸಂಸಾರ ಮಾಡಿದೀರಾ. ಯಾವತ್ತು ಸರಿಯಾಗಿ ನೋಡಿದೀರಾ ನನ್ನ?”

“ರಸ್ತೇಲಿ ಹೋಗೋರನ್ನ ನೋಡಿ ಕಾಲರ್ ಸೈಜ್ ಹೇಳ್ತೀನಿ. ಹೆಂಡತಿ ಅಳತೆ ಹೇಳಲ್ವಾ? ಹೋಗೇ, ನಾಳೆ ಟ್ರಯಲ್‌ಗೆ ಬಾ.”

ಆ ‘ನಾಳೆ’ ಬರಲು ಎಷ್ಟು ದಿನ ಹಿಡಿಯಿತೆಂದು ಊಹಿಸುವುದು ಕಷ್ಟವಲ್ಲ. ಗಣೇಶನ ಹಬ್ಬ ಬಂತು, ಹೋಯಿತು. ಪಿತೃಪಕ್ಷ ಮುಗಿಯಿತು. ದಸರೆಯ ಹೊಲಿಗೆ ಮೇಲೆ ಬಿತ್ತು. ಹಿಂದಿನ ಬೀದಿಯ ಗಿರಿರಾಜ್ ಗೌರಿಹಬ್ಬಕ್ಕೆಂದು ಕೊಟ್ಟ ಪ್ಯಾಂಟಿಗಾಗಿ ದಿನಾ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದ. ಅಂಬುಜಾ ಅವರ ವಿಮಾನ ವಿಜಯದಶಮಿಯ ರಾತ್ರಿ. ರಾಗಿಣಿಯವರ ಕಿತ್ತಳೆ ಜಾಕೆಟ್ಟು ಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತ ಲಕ್ಷ್ಮೀಪತಿ ಒಳಗೆ ಬಂದಾಗಲೆಲ್ಲ ಅವರನ್ನು ಅಣಕಿಸುತ್ತಿತ್ತು. ಹೆಂಡತಿ ಅದನ್ನು ಹಾಕಿಕೊಂಡು ಹೊರಟರೆ ತಾವು ಮುಖ ತೋರಿಸುವ ಹಾಗಿಲ್ಲ ಎನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಲವತ್ತು ವರ್ಷ ಊರಿಗೆಲ್ಲ ಕೋಟು ಹೊಲಿದವನ ಹೆಂಡತಿ ಎರವಲು ಜಾಕೆಟ್ಟಿನಲ್ಲಿ! ಗೊತ್ತಿದ್ದೂ ಕೈ ಓಡಲಿಲ್ಲ. ಬೇರೆಯವರ ಕೋಟಾದರೆ ಕತ್ತರಿ ತಾನಾಗಿ ನಡೆಯುತ್ತಿತ್ತು. ಇದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುವುದು, ಒರೆಸುವುದು, ಮತ್ತೆ ಎಳೆಯುವುದು.

ಅಂತೂ ಆಯುಧಪೂಜೆಯ ಹಿಂದಿನ ಸಂಜೆ ಕೋಟು ಸಿದ್ಧವಾಯಿತು. ಅಂಬುಜಾ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತರು. ಬಣ್ಣ ಚೆನ್ನಾಗಿತ್ತು, ಕಾಲರ್ ಚೆನ್ನಾಗಿತ್ತು, ಜೇಬಂತೂ ಕೈ ಇಟ್ಟರೆ ತೆಗೆಯಲು ಮನಸ್ಸಾಗದಷ್ಟು ಬೆಚ್ಚಗಿತ್ತು. ಗುಂಡಿ ಹಾಕುವಾಗ ಅವರು ಉಸಿರು ಬಿಗಿಹಿಡಿದದ್ದನ್ನು ಗಂಡ ನೋಡಲಿಲ್ಲ. ಅವರ ಮುಖದ ಮೇಲಿನ ಹೆಮ್ಮೆ ಕಂಡು ಅಂಬುಜಾ, “ತುಂಬಾ ಚೆನ್ನಾಗಿದೆ ರೀ” ಎಂದಷ್ಟೇ ಹೇಳಿದರು.

ಮರುದಿನ ಆಯುಧಪೂಜೆ. ಅಂಗಡಿ ತೊಳೆದು, ಹೊಲಿಗೆ ಯಂತ್ರಕ್ಕೆ ಅರಿಶಿನ ಕುಂಕುಮ ಇಟ್ಟು, ಅದರ ಮುಂದೆ ಕತ್ತರಿ, ಟೇಪು, ಸೂಜಿಯ ಡಬ್ಬಿ, ಇಸ್ತ್ರಿಪೆಟ್ಟಿಗೆ, ಅಳತೆ ಪುಸ್ತಕ ಎಲ್ಲವನ್ನೂ ಸಾಲಾಗಿ ಜೋಡಿಸಿ ಚೆಂಡು ಹೂವು ಏರಿಸಿದರು. ಪೂಜೆಗೆ ಕೂತ ಆಯುಧವನ್ನು ಮರುದಿನ ಬೆಳಿಗ್ಗೆ ತೆಗೆಯುವ ತನಕ ಮುಟ್ಟುವ ಹಾಗಿಲ್ಲ. ಕೊಟ್ರಪ್ಪ ಮಾಸ್ಟರ್ ಕಾಲದಿಂದ ಲಕ್ಷ್ಮೀಪತಿ ಇದನ್ನು ಮುರಿದಿಲ್ಲ. ವರ್ಷವಿಡೀ ದುಡಿಯುವ ಸೂಜಿಗೂ ಒಂದು ದಿನ ರಜೆ ಬೇಡವೇ?

ಅಂಗಡಿಯ ಪೂಜೆ ಮುಗಿದ ಮೇಲೆ ಸ್ಕೂಟರಿನ ಸರದಿ. ಬೀದಿಯುದ್ದಕ್ಕೂ ಗಾಡಿಗಳು ಬಾಳೆಕಂದು ಕಟ್ಟಿಕೊಂಡು ನಿಂತಿದ್ದವು. ಬೂದುಗುಂಬಳ ಒಡೆದು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಆಗ ಲಕ್ಷ್ಮೀಪತಿಗೆ ಒಂದು ಆಲೋಚನೆ ಹೊಳೆಯಿತು.

“ಅಂಬುಜಾ, ಕೋಟು ಹಾಕ್ಕೊಂಡು ಬಾ. ಒಂದು ರೌಂಡ್ ಜೋರಾಗಿ ಹೋಗಿ ಬರೋಣ. ಗಾಳಿ ತಡಿಯತ್ತಾ ನೋಡಬೇಕು.”

“ಈ ಬಿಸಿಲಲ್ಲಾ? ಜನ ಏನಂತಾರೆ?”

“ಏನಾದ್ರೂ ಅನ್ನಲಿ. ಶಿಕಾಗೊದಲ್ಲಿ ನೋಡೋಕಾಗತ್ತಾ?”

ಹತ್ತು ಗಂಟೆಯ ಬಿಸಿಲಿನಲ್ಲಿ ರೇಷ್ಮೆ ಸೀರೆಯ ಮೇಲೆ ಉಣ್ಣೆಯ ಕೋಟು ತೊಟ್ಟು, ತುರುಬಿನಲ್ಲಿ ಸೇವಂತಿಗೆ ಮುಡಿದು ಅಂಬುಜಾ ಸ್ಕೂಟರಿನ ಹಿಂದೆ ಒಂದು ಪಕ್ಕಕ್ಕೆ ಕೂತರು. ಇಡೀ ಬೀದಿ ಗೇಟಿಗೆ ಬಂದು ನಿಂತಿತ್ತು. ಲಕ್ಷ್ಮೀಪತಿ ಆಕ್ಸಿಲರೇಟರ್ ತಿರುವಿದರು. ಮುಂದಿನ ಚಕ್ರ ನಿಂಬೆಹಣ್ಣಿನ ಮೇಲೆ ಹತ್ತಿ ಗಾಡಿ ಒಮ್ಮೆ ಕುಪ್ಪಳಿಸಿತು. ಅಂಬುಜಾ ಬೀಳದಿರಲೆಂದು ಬಲಗೈ ಚಾಚಿ ಗಂಡನ ಭುಜ ಹಿಡಿದರು. ಪರ್ರ್ ಎಂದು ಸದ್ದಾಯಿತು. ಟೈರೇ ಒಡೆಯಿತೆಂದು ಲಕ್ಷ್ಮೀಪತಿ ಬ್ರೇಕು ಹಾಕಿದರು. ಒಡೆದದ್ದು ಟೈರಲ್ಲ. ಕಂಕುಳಿನಿಂದ ಸೊಂಟದ ತನಕ ಕೋಟಿನ ಹೊಲಿಗೆ ಬಾಯಿಬಿಟ್ಟಿತ್ತು.

ಎಲ್ಲರಿಗಿಂತ ಮೊದಲು ನಕ್ಕವರು ಅಂಬುಜಾ. ಅವರು ನಕ್ಕದ್ದು ನೋಡಿ ಬೀದಿಯೆಲ್ಲ ನಕ್ಕಿತು. ರಾಗಿಣಿ ಗೇಟಿನಿಂದಲೇ, “ಯೋಚನೆ ಮಾಡಬೇಡಿ ಸಾರ್, ನಮ್ಮ ಜಾಕೆಟ್ ಇದೆಯಲ್ಲ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ಪಾಪ. ಆದರೆ ಲಕ್ಷ್ಮೀಪತಿಯ ಮುಖ ನೋಡಿದ ಅಂಬುಜಾ ಅವರ ನಗು ಅಲ್ಲೇ ನಿಂತಿತು. ಲಕ್ಷ್ಮೀಪತಿ ಸ್ಕೂಟರನ್ನು ನಡುರಸ್ತೆಯಲ್ಲೇ ಸ್ಟ್ಯಾಂಡ್ ಹಾಕಿ, ಕೋಟನ್ನು ಇಸಿದುಕೊಂಡು, ಯಾರ ಕಡೆಯೂ ನೋಡದೆ ಅಂಗಡಿಯೊಳಗೆ ಹೋಗಿಬಿಟ್ಟರು.

ಅಂಬುಜಾ ಒಂದು ಬಟ್ಟಲಲ್ಲಿ ಕಡಲೆಪುರಿ ಹಿಡಿದುಕೊಂಡು ಹಿಂದೆಯೇ ಬಂದರು. ಗಂಡ ಬೆಂಚಿನ ಮೇಲೆ, ಗಿರಾಕಿಗಳು ಕೂರುವ ಜಾಗದಲ್ಲಿ ಕೂತಿದ್ದರು. ಕೋಟಿನ ಒಳಮೈ ಹೊರಗಾಗಿ ಅವರ ತೊಡೆಯ ಮೇಲಿತ್ತು.

“ಬಟ್ಟೆ ಬಿಟ್ಟಿಲ್ಲ ಕಣೇ,” ಎಂದರು ಲಕ್ಷ್ಮೀಪತಿ. “ನೋಡು, ಅರ್ಧ ಇಂಚೂ ಇಲ್ಲ. ಊರಿಗೆಲ್ಲ ಎರಡಿಂಚು ಬಿಡೋನು ನಿನ್ನ ಕೋಟಿಗೆ ಬಿಟ್ಟಿಲ್ಲ. ಅಷ್ಟು ಗ್ಯಾರಂಟಿ ನನಗೆ. ತಂದಿದ್ದ ಬಟ್ಟೇನೂ ಸರಿಯಾಗಿ ಮುಗೀತು, ಒಂದು ತುಂಡೂ ಉಳಿದಿಲ್ಲ.”

“ಹೋಗ್ಲಿ ಬಿಡಿ, ಪುರಿ ತಿನ್ನಿ.”

“ನಾನು ಅಳತೆ ಹಿಡಿದಿದ್ದು ನಮ್ಮ ಮದುವೆ ಫೋಟೋದಲ್ಲಿರೋ ಹುಡುಗೀಗೆ.”

ಅಂಬುಜಾ ಪಕ್ಕದಲ್ಲಿ ಕೂತು ಒಂದು ಹಿಡಿ ಪುರಿ ತಾವೇ ಬಾಯಿಗೆ ಹಾಕಿಕೊಂಡರು. “ಆ ಹುಡುಗಿ ಕೇರಂ ಆಡ್ತಿರಲಿಲ್ಲ ಬಿಡಿ. ಅವಳನ್ನ ಶಿಕಾಗೊಗೆ ಯಾರೂ ಕರೀತಿರಲಿಲ್ಲ. ಈಗ ನನ್ನ ಅಳತೆ ತಗೊಳ್ಳಿ.”

“ಟೇಪು ಪೂಜೇಲಿದೆ. ನಾಳೆ ಬೆಳಿಗ್ಗೆ ತನಕ ಮುಟ್ಟೋ ಹಾಗಿಲ್ಲ.”

“ಕೈ ಇದೆಯಲ್ಲ ರೀ. ಕೈಯನ್ನೇನು ಪೂಜೆಗೆ ಕೂರಿಸಿಲ್ವಲ್ಲ.”

ಲಕ್ಷ್ಮೀಪತಿ ಎದ್ದು ಅಂಗಡಿಯ ಬಾಗಿಲನ್ನು ಅರ್ಧ ಎಳೆದರು. ಅಂಬುಜಾ ಗಿರಾಕಿಗಳು ನಿಲ್ಲುವ ಜಾಗದಲ್ಲಿ, ಉದ್ದ ಕನ್ನಡಿಯ ಮುಂದೆ, ನೆಟ್ಟಗೆ ನಿಂತರು. ಲಕ್ಷ್ಮೀಪತಿ ಅಂಗೈ ಒರೆಸಿಕೊಂಡು ಬೆರಳು ಅಗಲಿಸಿದರು. ಹೆಬ್ಬೆರಳಿನಿಂದ ಕಿರುಬೆರಳಿಗೆ ಒಂದು ಗೇಣು. ತಮ್ಮ ಗೇಣು ಒಂಬತ್ತಿಂಚು ಎನ್ನುವುದು ಅವರಿಗೆ ಗೊತ್ತಿದ್ದದ್ದೇ.

“ತೋಳು ಎರಡೂಕಾಲು ಗೇಣು,” ಎಂದರು. “ನೆನಪಿಟ್ಕೋ. ಪುಸ್ತಕಾನೂ ಪೂಜೇಲಿದೆ.”

“ಎರಡೂಕಾಲು,” ಎಂದರು ಅಂಬುಜಾ.

“ಎದೆ ನಾಲ್ಕೂವರೆ.”

“ನಾಲ್ಕೂವರೆ. ಮದುವೇಲಿ ಎಷ್ಟಿತ್ತು?”

“ಸುಮ್ನಿರೇ.” ಅವರು ಬೆನ್ನ ಹಿಂದೆ ಬಂದು ಎಡಭುಜದ ತುದಿಗೆ ಹೆಬ್ಬೆರಳಿಟ್ಟು ಅಳೆಯುತ್ತ ಬಲಭುಜದ ತುದಿಗೆ ಬಂದರು. “ಭುಜ ಒಂದೂಮುಕ್ಕಾಲು” ಎಂದರು. ಆಮೇಲೆ ಎರಡೂ ಅಂಗೈಯನ್ನು ಎರಡು ಭುಜದ ಮೇಲೆ ಇಟ್ಟು ಕನ್ನಡಿಯಲ್ಲಿ ನೋಡಿದರು. ಬಲಗೈ ಎಡಗೈಗಿಂತ ಕೆಳಗಿತ್ತು. ಮತ್ತೆ ತೆಗೆದು ಇಟ್ಟು ನೋಡಿದರು. ಸರಿಯಾಗಿ ಒಂದು ಬೆರಳು ಕೆಳಗೆ.

“ನಿನ್ನ ಬಲಭುಜ ಇಳಿದಿದೆ ಅಂಬುಜಾ.”

“ಇಳಿದಿರತ್ತೆ. ಮೂವತ್ತು ವರ್ಷದಿಂದ ಬೋರ್ಡಿನ ಮೇಲೆ ಬಗ್ಗಿದೀನಿ. ಲಕ್ಷ್ಮವ್ವ ಎಷ್ಟೋ ವರ್ಷದ ಹಿಂದೇನೇ ಹೇಳಿದ್ಲು.”

ಲಕ್ಷ್ಮೀಪತಿಗೆ ಕನ್ನಡಿ ಮಂಜಾಯಿತು. ರಸ್ತೆಯಲ್ಲಿ ಹೋಗುವವನ ಕಾಲು ಕಾಲಿಂಚು ಗಿಡ್ಡವೆಂದು ಹೇಳುವ ಕಣ್ಣಿಗೆ, ದಿನಾ ಬೆಳಿಗ್ಗೆ ಕಾಫಿ ಲೋಟ ಕೊಡುವ ಕೈಯ ಮೇಲಿನ ಭುಜ ಕಂಡಿರಲಿಲ್ಲ. ಹೀಗೆಂದು ಯೋಚಿಸಿ ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. “ನಾನು ನಿನ್ನ ನೋಡೇ ಇಲ್ಲ ಕಣೇ. ನೀನು ಹೇಳಿದ್ದು ಸರಿ” ಎಂದರು.

“ಈಗ ನೋಡಿದ್ರಲ್ಲ. ಆಯ್ತು.” ಅಂಬುಜಾ ಕನ್ನಡಿಯಲ್ಲೇ ಅವರನ್ನು ನೋಡಿ ನಕ್ಕರು.

“ಒಂದು ಪ್ಯಾಡ್ ಕೊಟ್ಟುಬಿಡ್ತೀನಿ ಬಲಗಡೆ. ಎರಡೂ ಸಮ ಕಾಣತ್ತೆ. ಎಲ್ಲರಿಗೂ ಹಾಗೇ ಮಾಡೋದು.”

“ಬೇಡ ರೀ. ಮುಚ್ಚಬೇಡಿ. ಅದು ನನ್ನ ಆಟದ ಭುಜ. ಅದು ಹೇಗಿದೆಯೋ ಹಾಗೇ ಕತ್ತರಿಸಿ.”

ಗಂಡಸರ ಕೋಟಿನಲ್ಲಿ ಇಳಿದ ಭುಜ ಮುಚ್ಚುವುದೇ ಟೈಲರನ ಜಾಣತನ ಎಂದು ನಂಬಿದ್ದ ಲಕ್ಷ್ಮೀಪತಿ, ಆಗಲಿ ಎಂದು ತಲೆಯಾಡಿಸಿದರು.

ಉಳಿದದ್ದು ಬಟ್ಟೆಯ ಪ್ರಶ್ನೆ. ಹಬ್ಬದ ದಿನ ಚಿಕ್ಕಪೇಟೆ ಬಾಗಿಲು ಹಾಕಿತ್ತು, ಮರುದಿನವೂ ತೆರೆಯುವುದಿಲ್ಲ. ಬೇರೆ ಟೈಲರುಗಳ ಬಳಿ ಗಿರಾಕಿಗಳ ಬಟ್ಟೆಯಲ್ಲಿ ಉಳಿದ ತುಂಡುಗಳು ಮೂಟೆಗಟ್ಟಲೆ ಇರುತ್ತವೆ. ಇವರು ಚೂರೂ ಉಳಿಸಿಕೊಳ್ಳದೆ ಕಟ್ಟಿ ವಾಪಸು ಕೊಡುವವರು. ಆ ಪ್ರಾಮಾಣಿಕತೆ ಅಂದು ಮಾತ್ರ ಕೈಕೊಟ್ಟಿತು. ಅಂಬುಜಾ ಮನೆಗೆ ಹೋಗಿ ಬೀರು ತೆಗೆದು ಒಂದು ಹ್ಯಾಂಗರ್ ಹಿಡಿದು ಬಂದರು. ಲಕ್ಷ್ಮೀಪತಿ ತಮಗಾಗಿ ಹೊಲಿದುಕೊಂಡ ಒಂದೇ ಒಂದು ಕೋಟು ಅದು. ಕೊಟ್ರಪ್ಪ ಮಾಸ್ಟರ್ ಪಕ್ಕದಲ್ಲಿ ಕೂತು ಹೊಲಿಸಿದ್ದ, ಮದುವೆಯ ಆರತಕ್ಷತೆಯ ಕಪ್ಪು ಕೋಟು.

“ಇದಾ? ಇದನ್ನ ಕತ್ತರಿಸೋದಾ?”

“ಇಟ್ಕೊಂಡು ಏನು ಮಾಡ್ತೀರಾ? ಒಂದು ತೋಳೂ ಹೋಗಲ್ಲ ಈಗ ನಿಮಗೆ. ಅದು ಯಾರಳತೆಗೆ ಹೊಲಿದಿದ್ದು ಹೇಳಿ? ಆ ಹುಡುಗಿ ಪಕ್ಕ ನಿಂತಿದ್ನಲ್ಲ, ಆ ಹುಡುಗನಿಗೆ.”

ಇಬ್ಬರೂ ನಕ್ಕುಬಿಟ್ಟರು. ಆಮೇಲೆ ಬಟ್ಟಲಿನ ಪುರಿಯನ್ನು ಪೂರ್ತಿ ಖಾಲಿ ಮಾಡಿದರು.

ವಿಜಯದಶಮಿಯ ದಿನ ಬೆಳಿಗ್ಗೆ ಆರಕ್ಕೆ ಪೂಜೆ ವಿಸರ್ಜಿಸಿ, ಯಂತ್ರದ ಮೇಲಿನ ಹೂವು ತೆಗೆದರು. ಹೊಸ ಕೆಲಸ ಆರಂಭಿಸಲು ಆ ದಿನಕ್ಕಿಂತ ಒಳ್ಳೆಯ ದಿನವಿಲ್ಲ. ಎಲ್ಲಕ್ಕಿಂತ ಮೊದಲು ಅಳತೆ ಪುಸ್ತಕ ಬಿಚ್ಚಿ ಹೊಸ ಹಾಳೆಯ ಮೇಲೆ ‘ಅಂಬುಜಾ’ ಎಂದು ಬರೆದರು. ಅಂಬುಜಾ ಪಕ್ಕದಲ್ಲಿ ನಿಂತು ಎರಡೂಕಾಲು, ನಾಲ್ಕೂವರೆ, ಒಂದೂಮುಕ್ಕಾಲು ಎಂದು ಒಪ್ಪಿಸಿದರು. ಇಂಚಿಗೆ ತಿರುಗಿಸದೆ ಗೇಣಿನಲ್ಲೇ ಬರೆದರು. ಕೆಳಗೆ ಸಣ್ಣ ಅಕ್ಷರದಲ್ಲಿ: ಬಲಭುಜ ಒಂದು ಬೆರಳು ಇಳಿಕೆ, ಹಾಗೇ ಇರಲಿ. ‘ಕೊಡುವ ದಿನ’ ಎಂಬಲ್ಲಿ ‘ನಾಳೆ’ ಎಂದು ಬರೆಯಲು ಹೋದ ಕೈಯನ್ನು ತಡೆದು ‘ಇವತ್ತು ಸಂಜೆ ಐದು’ ಎಂದು ಬರೆದರು.

ಕಪ್ಪು ಕೋಟನ್ನು ಬಿಚ್ಚಿದಾಗ ಒಳಗೆ ಎಲ್ಲ ಕಡೆಯೂ ಎರಡೆರಡು ಇಂಚು ಬಟ್ಟೆ ಇತ್ತು. ಮಾಸ್ಟರ್ ಬಿಡಿಸಿದ್ದ ಬಟ್ಟೆ. ಬಿಸಿಲು ಕಾಣದೆ ಆ ಭಾಗ ಹೊಸದರಂತೆ ಕರ್ರಗಿತ್ತು. ಕುಂಕುಮದ ಬಣ್ಣದ ಕೋಟಿಗೆ ಎರಡೂ ಪಕ್ಕದಲ್ಲಿ, ತೋಳಿನ ಒಳಗಡೆಯಲ್ಲಿ, ಬೆನ್ನಿನ ನಡುವೆ ಉದ್ದಕ್ಕೆ ಕಪ್ಪು ಪಟ್ಟಿಗಳು ಸೇರಿದವು. ಈ ಸಲ ಒಳಗೆ ಎರಡಿಂಚು ಬಿಡುವುದನ್ನು ಅವರು ಮರೆಯಲಿಲ್ಲ. ಯಂತ್ರದ ಸದ್ದು ಮಧ್ಯಾಹ್ನದ ಊಟಕ್ಕೂ ನಿಲ್ಲಲಿಲ್ಲ. ಗಿರಿರಾಜ್ ಬಂದು ಬೆಂಚಿನ ಮೇಲೆ ಕೂತು, “ನನ್ನ ಪ್ಯಾಂಟು...” ಎಂದ. “ನಾಳೆ!” ಎಂದು ತಲೆಯೆತ್ತದೆ ಗದರಿದರು. ಅವನು ಹೋಗಲಿಲ್ಲ, ಈ ಮನುಷ್ಯ ಇಷ್ಟು ಜೋರಾಗಿ ಯಂತ್ರ ತುಳಿಯುವುದನ್ನು ನೋಡಲು ಕೂತೇ ಇದ್ದ.

ಮೂರು ಗಂಟೆಗೆ ಮಗಳು ಸಿಂಚನಾ ಕೆಂಗೇರಿಯಿಂದ ಮೆಟ್ರೊ ಹಿಡಿದು ಬಂದಳು. ಅಲ್ಲಿ ಸ್ಕೂಲೊಂದರಲ್ಲಿ ಟೀಚರ್ ಅವಳು. ಒಳಗೆ ಹಾಕಿಕೊಳ್ಳಲು ತೆಳುವಾದ ಉಲನ್ ಪ್ಯಾಂಟು, ಹೆಬ್ಬೆರಳು ಬೇರೆಯಿರುವ ಕಾಲುಚೀಲ, ಕ್ಯಾನ್ವಾಸ್ ಶೂ, ಕಿವಿ ಮುಚ್ಚುವ ಟೋಪಿ ಎಲ್ಲ ತಂದಿದ್ದಳು. ಅಮ್ಮನಿಗೆ ಒಂದರ ಮೇಲೊಂದು ತೊಡಿಸಿದಳು. ಲಂಗದೊಳಗೆ ಉಲನ್ ಪ್ಯಾಂಟು, ಬ್ಲೌಸಿನ ಮೇಲೆ ಸ್ವೆಟರ್, ಸೀರೆಯನ್ನು ಕಣಕಾಲಿನ ಮೇಲಕ್ಕೆ ಎತ್ತಿ ಉಟ್ಟದ್ದು, ಕಾಲುಂಗುರದ ಮೇಲೆ ಕಾಲುಚೀಲ. ಅಂಬುಜಾ ಬೆವರುತ್ತ, “ಬೆಂಗಳೂರು ಬಿಡೋ ಮೊದಲೇ ಬೆಂದು ಹೋಗ್ತೀನಿ ಕಣೇ” ಎಂದು ನಗುತ್ತಿದ್ದರು.

ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಲಕ್ಷ್ಮೀಪತಿ ಕೋಟು ಕೈಯಲ್ಲಿ ಹಿಡಿದು ಮನೆಗೆ ಬಂದರು. ಹಿಂದೆ ಗಿರಿರಾಜ್, ಅವನ ಹಿಂದೆ ರಾಗಿಣಿ.

“ಹೇಳಿದ್ದು ಐದಕ್ಕೆ. ನಲವತ್ತು ನಿಮಿಷ ಮುಂಚೆ ತಂದಿದಾರೆ. ನಾನೇ ಸಾಕ್ಷಿ!” ಎಂದು ಗಿರಿರಾಜ್ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಅಂಬುಜಾ ಕೋಟು ತೊಟ್ಟು ಗುಂಡಿ ಹಾಕಿಕೊಂಡರು. ಉಸಿರು ಬಿಗಿಹಿಡಿಯಬೇಕಾಗಲಿಲ್ಲ. ಬಲಗೈ ಎತ್ತಿದರು, ಚಾಚಿದರು, ಗಾಳಿಯಲ್ಲೇ ಸ್ಟ್ರೈಕರ್ ಹೊಡೆದರು. ಹೊಲಿಗೆ ಮಿಸುಕಲಿಲ್ಲ. ಕೈಯನ್ನು ಜೇಬಿಗೆ ಇಳಿಬಿಟ್ಟರು. ಇಳಿದ ಭುಜಕ್ಕೆ ಸರಿಯಾಗಿ ಜೇಬೂ ಒಂದು ಬೆರಳು ಕೆಳಗಿತ್ತು. ಅವರು ಗಂಡನ ಕಡೆ ನೋಡುತ್ತ ಜೇಬಿನೊಳಗೇ ಬೆರಳು ಆಡಿಸಿದರು. ರಾಗಿಣಿಯವರು ಕಪ್ಪು ಪಟ್ಟಿಯನ್ನು ಸವರಿ, “ಇದು ಫ್ಯಾಷನ್ನಾ ಸಾರ್?” ಎಂದರು. “ಹೂಂ ಮೇಡಂ, ಹಳೇ ಫ್ಯಾಷನ್” ಎಂದರು ಲಕ್ಷ್ಮೀಪತಿ. ಕಿತ್ತಳೆ ಜಾಕೆಟ್ಟು ಮಾತಿಲ್ಲದೆ ಪಕ್ಕದ ಮನೆಗೆ ಹಿಂತಿರುಗಿತು.

ಆಮೇಲಿನ ಒಂಬತ್ತು ದಿನ ಲಕ್ಷ್ಮೀಪತಿ ಫೋನಿಗೆ ಕಾಯುತ್ತ ಹೆಚ್ಚೇನೂ ಹೊಲಿಯಲಿಲ್ಲ. ಸಿಂಚನಾ ಸಂಜೆ ಸಂಜೆ ಬಂದು ಅಡುಗೆ ಮಾಡಿಟ್ಟು ಹೋಗುತ್ತಿದ್ದಳು. ಸುದ್ದಿ ಬರುತ್ತಿತ್ತು. ಗಾಳಿ ರಾಗಿಣಿ ಹೇಳಿದ್ದಕ್ಕಿಂತ ಜೋರು. ಕೆರೆ ನಿಜವಾಗಿಯೂ ಸಮುದ್ರವೇ. ಆಟದ ಮನೆಗೆ ನಡೆದು ಬಂದವರೆಲ್ಲ ಬೆರಳು ಉಜ್ಜಿಕೊಳ್ಳುತ್ತ ಮೊದಲ ಆಟ ಕಳೆದುಕೊಂಡರೆ, ಅಂಬುಜಾ ಜೇಬಿನಿಂದ ಬಿಸಿ ಕೈ ತೆಗೆದು ಮೊದಲ ಹೊಡೆತಕ್ಕೇ ಕಾಯಿ ಕೆಡವುತ್ತಿದ್ದರಂತೆ. ಫೈನಲ್ ತನಕ ಹೋದರು. ಫೈನಲಿನಲ್ಲಿ ಶ್ರೀಲಂಕಾದ ಹೆಂಗಸೊಬ್ಬಳು ಮೂರು ಪಾಯಿಂಟಿನಲ್ಲಿ ಗೆದ್ದಳು. “ಎರಡನೇ ಸ್ಥಾನ ರೀ, ಬೆಳ್ಳಿ!” ಎಂದು ಫೋನಿನಲ್ಲಿ ಕಿರುಚಿದ ದನಿಯಲ್ಲಿ ಸೋತ ಬೇಸರ ಹುಡುಕಿದರೂ ಇರಲಿಲ್ಲ. ಲಕ್ಷ್ಮೀಪತಿ ಬೀದಿಗೆಲ್ಲ ಮೈಸೂರುಪಾಕು ಹಂಚಿದರು. ಗಿರಿರಾಜನಿಗೆ ಮೈಸೂರುಪಾಕಿನ ಜೊತೆಗೆ ಪ್ಯಾಂಟೂ ಸಿಕ್ಕಿತು.

ಮರುದಿನ ಸಂಜೆ ಆರರ ಹೊತ್ತು. ಲಕ್ಷ್ಮೀಪತಿ ಅಂಗಡಿಯಲ್ಲಿ ಯಾರದೋ ಶರಟಿಗೆ ಕಾಲರ್ ಕೂರಿಸುತ್ತಿದ್ದರು. ಸಿಂಚನಾ ಬೆಂಚಿನ ಮೇಲಿದ್ದಳು. ಅವಳ ಫೋನಿಗೆ ಒಂದು ಫೋಟೊ ಬಂತು, ಅದರ ಹಿಂದೆ ಅಂಬುಜಾ ಅವರ ದನಿ: “ರೀ, ಬೆಳಿಗ್ಗೆ ಎಲ್ಲರನ್ನೂ ಸೂರ್ಯ ಹುಟ್ಟೋದು ನೋಡೋಕೆ ಕೆರೆ ದಡಕ್ಕೆ ಕರ್ಕೊಂಡ್ ಬಂದಿದಾರೆ. ಇದರಲ್ಲಿ ನಾನು ಎಲ್ಲಿದೀನಿ ಹೇಳಿ ನೋಡೋಣ.”

ಫೋಟೊದಲ್ಲಿ ಇಪ್ಪತ್ತು ಇಪ್ಪತ್ತೈದು ಜನ ಬೆನ್ನು ತೋರಿಸಿ ಸಾಲಾಗಿ ನಿಂತಿದ್ದರು. ಮುಂದೆ ಕೊನೆಯಿಲ್ಲದ ನೀರು, ನೀರಿನಂಚಿನಲ್ಲಿ ಆಗ ತಾನೇ ಹುಟ್ಟಿದ ಸೂರ್ಯ. ಬೆಳಕು ಎದುರಿಗಿದ್ದುದರಿಂದ ಜನರೆಲ್ಲ ಬರೀ ಕಪ್ಪು ಆಕಾರಗಳು. ಯಾವ ಕೋಟಿನ ಬಣ್ಣವೂ ಕಾಣುತ್ತಿರಲಿಲ್ಲ. ಎಲ್ಲರ ತಲೆಗೂ ಟೋಪಿ, ಕುತ್ತಿಗೆಗೆ ಮಫ್ಲರ್. ಗಾಳಿಗೆ ಎಲ್ಲರ ಬಟ್ಟೆಯೂ ಒಂದೇ ಕಡೆ ಹಾರುತ್ತಿತ್ತು. ಸಿಂಚನಾ ಫೋಟೊ ಹಿಗ್ಗಿಸಿ, ಆ ಕಡೆ ಈ ಕಡೆ ಸರಿಸಿ ನೋಡಿದಳು.

“ಛೇ, ಎಲ್ಲಾ ಒಂದೇ ಥರ ಕಾಣ್ತಾರೆ. ಇದರಲ್ಲಿ ಅಮ್ಮನ್ನ ಹೇಗಪ್ಪಾ ಹುಡುಕೋದು?”

ಲಕ್ಷ್ಮೀಪತಿ ಕನ್ನಡಕ ಮೇಲೇರಿಸಿ ಫೋನನ್ನು ಒಂದು ಸಲ ನೋಡಿದರು. ಎರಡನೇ ಸಲ ನೋಡಬೇಕಾಗಲಿಲ್ಲ. ಎಡಗಡೆಯಿಂದ ಏಳನೆಯ ಆಕಾರದ ಮೇಲೆ ಬೆರಳಿಟ್ಟರು.

“ಇವಳೇ.”

ಸಿಂಚನಾ ನಂಬದೆ ಆ ಆಕಾರಕ್ಕೆ ಸುತ್ತು ಹಾಕಿ ಅಮ್ಮನಿಗೆ ಕಳಿಸಿ ಕೇಳಿದಳು. ಆ ಕಡೆಯಿಂದ ಗಾಳಿಯ ಸದ್ದಿನ ನಡುವೆ ಅಂಬುಜಾ ಅವರ ನಗು ಬಂತು. ಜೋರಾದ, ನಿಲ್ಲದ ನಗು.

“ಅಪ್ಪಾ, ಮುಖ ಇಲ್ಲ, ಬಣ್ಣ ಇಲ್ಲ. ಹೇಗೆ ಗೊತ್ತಾಯ್ತು ನಿನಗೆ?”

ಲಕ್ಷ್ಮೀಪತಿ ಆಗಲೇ ಕಾಲರಿನ ಕಡೆಗೆ ತಿರುಗಿದ್ದರು. ಯಂತ್ರದ ಚಕ್ರಕ್ಕೆ ಕೈಹಾಕಿ, “ಅಳತೆ ತಗೊಂಡಿದೀನಲ್ಲ ಕಣೇ” ಎಂದರು.